ಎಡಗೈ ಹೆಬ್ಬೆಟ್ಟಿನ ಒಂದು ವರ್ಷ

ಅರವತ್ತು ದಾಟಿದ ಮೇಲೆ ಒಂದು ದಿನ ನನ್ನದೇ ಎಡಗೈ ಹೆಬ್ಬೆಟ್ಟನ್ನು ನೋಡಿ ನಾನು ಬೆಚ್ಚಿಬಿದ್ದೆ. ಅದಕ್ಕೇನೂ ಆಗಿರಲಿಲ್ಲ. ಎಂದಿನ ಹಾಗೆ ಬೆಳ್ಳುಳ್ಳಿ ಸುಲಿಯುತ್ತಿತ್ತು. ಆದರೆ ಹೊಸಪೇಟೆಯ ನಮ್ಮ ಅಡಿಗೆಮನೆಯಲ್ಲಿ ಕೂತು ಮೊಮ್ಮಗಳು ಅಶ್ವಿನಿ ಜೋರಾಗಿ ಓದುತ್ತಿದ್ದ ಒಂದು ಪಾಠ ನನ್ನನ್ನು ಎಮ್ಮಿಗನೂರಿಗೆ, ಎಂಟು ವರ್ಷದ ಹುಲಿಗೆಮ್ಮನಾಗಿದ್ದ ನನ್ನ ಹತ್ತಿರಕ್ಕೆ ಎಳೆದುಕೊಂಡು ಹೋಯಿತು. ಹೋದವಳು ಇನ್ನೂ ಪೂರ್ತಿ ತಿರುಗಿ ಬಂದಿಲ್ಲ. ಒಂದು ವಾರದಿಂದ ನಗುತ್ತೇನೆ, ಅಳುತ್ತೇನೆ, ಹಾಲು ಉಕ್ಕಿತು ಎಂದು ಸೊಸೆ ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಸಾಲೆ ಕಲಿತದ್ದು ಒಂದೇ ವರ್ಷ. ಆ ಒಂದು ವರ್ಷ ಯಾಕೆ ಸಿಕ್ಕಿತು, ಯಾಕೆ ಅಷ್ಟಕ್ಕೇ ನಿಂತಿತು ಎಂಬುದು ನನಗೆ ಗೊತ್ತಿದೆ ಎಂದುಕೊಂಡೇ ಇಷ್ಟು ವಯಸ್ಸಾಗಿತ್ತು.

ಎಮ್ಮಿಗನೂರಿನಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಮೊದಲು ಎತ್ತುಗಳು, ಆಮೇಲೆ ನಾವು. ಎತ್ತು ಕಟ್ಟುವ ಜಾಗಕ್ಕಿಂತ ಒಂದು ಗೇಣು ಎತ್ತರದಲ್ಲಿ ಪಡಸಾಲೆ, ಅದರ ಹಿಂದೆ ಒಲೆ, ಒಲೆಯ ಮೇಲೆ ಮಾಳಿಗೆಯಲ್ಲಿ ಬೆಳಕಿಗೆಂದು ಬಿಟ್ಟ ಒಂದು ಕಿಂಡಿ. ಆ ಕಿಂಡಿಯಿಂದ ಇಳಿಯುವ ಬಿಸಿಲು ನಮಗೆ ಗಡಿಯಾರ. ಬಿಸಿಲು ರೊಟ್ಟಿ ಬಡಿಯುವ ಕಲ್ಲಿನ ಮೇಲೆ ಬಂದರೆ ಅಪ್ಪ ಹೊಲಕ್ಕೆ ಹೊರಟ ಎಂದು ಅರ್ಥ. ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪ, ಅವ್ವ, ನಾನು, ಮತ್ತು ಅಪ್ಪನ ಅಕ್ಕ ಗಂಗವ್ವ, ಅಂದರೆ ನನ್ನ ಗಂಗತ್ತಿ. ಅವಳಿಗೆ ಹನ್ನೆರಡಕ್ಕೇ ಮದುವೆಯಾಗಿ ಹದಿಮೂರಕ್ಕೆ ಗಂಡ ಸತ್ತಿದ್ದ. ಅಂದು ತವರಿಗೆ ಬಂದವಳು ಮತ್ತೆ ಎಲ್ಲಿಗೂ ಹೋಗಿರಲಿಲ್ಲ. ಕಪ್ಪಗೆ, ಎತ್ತರಕ್ಕೆ, ಬಾಗಿಲ ಚೌಕಟ್ಟಿನ ಹಾಗಿದ್ದಳು. ನಕ್ಕದ್ದನ್ನು ನಾನು ಕಂಡಿಲ್ಲ. ಅವ್ವನಿಗೂ ಅವಳಿಗೂ ದಿನಕ್ಕೊಂದು ಜಗಳ. ಪುಂಡಿಪಲ್ಲೆಗೆ ಉಪ್ಪು ಹಾಕಿದ್ದು ಯಾರು, ಮೊದಲ ರೊಟ್ಟಿ ಎಡಗಡೆಯ ಎತ್ತಿಗೋ ಬಲಗಡೆಯ ಎತ್ತಿಗೋ, ಕೂಸಿನ ತಲೆಗೆ ಎಣ್ಣೆ ಇಟ್ಟಿದ್ದು ಹೆಚ್ಚಾಯಿತೋ ಕಡಿಮೆಯಾಯಿತೋ. ಕೂಸು ಎಂದರೆ ನಾನು. ನನ್ನ ಮುಂಚೆ ಮೂರು ಹುಟ್ಟಿ ಹೋಗಿದ್ದವು, ಹಾಗಾಗಿ ಎಂಟು ವರ್ಷವಾದರೂ ನಾನು ಕೂಸೇ.

ಕಾರಹುಣ್ಣಿಮೆಗೆ ಇನ್ನು ಮೂರು ದಿನ ಇತ್ತು. ಗಂಗತ್ತಿ ಎತ್ತುಗಳ ಮೇವಿಗೆ ಜೋಳದ ಒಣದಂಟಿನ ಕಣಕಿ ಕಡಿಯುತ್ತಿದ್ದಳು. ಮರದ ದಿಮ್ಮಿಯ ಮೇಲೆ ನಾನು ಕಣಕಿಯ ಹಿಡಿ ಮುಂದಕ್ಕೆ ಸರಿಸಬೇಕು, ಅವಳು ಅಗಲವಾದ ಕತ್ತಿಯಿಂದ ಹೊಡೆಯಬೇಕು. ದಿನವೂ ಮಾಡುತ್ತಿದ್ದ ಕೆಲಸ. ಸರಿಸು, ಹೊಡಿ, ಸರಿಸು, ಹೊಡಿ. ಹೊರಗೆ ಬಳೆಗಾರ ಕೂಗಿದ. ನಾನು ತಿರುಗಿ ನೋಡಿದೆ. ಕತ್ತಿ ಇಳಿಯಿತು. ನೋವು ಮೊದಲು ಬರಲಿಲ್ಲ. ದಿಮ್ಮಿಯ ಮೇಲೆ ಕಣಕಿಯ ತುಂಡುಗಳ ನಡುವೆ ನನ್ನ ಹೆಬ್ಬೆಟ್ಟಿನ ತುದಿ, ಅರ್ಧ ಉಗುರಿನ ಸಮೇತ, ಒಂದು ಹಸಿ ಶೇಂಗಾ ಬೀಜದ ಹಾಗೆ ಬಿದ್ದಿತ್ತು. ನಾನು ಅದನ್ನು ನೋಡುತ್ತಿದ್ದೆ, ಅತ್ತಿಯೂ ನೋಡುತ್ತಿದ್ದಳು. ಅಷ್ಟರಲ್ಲಿ ನಮ್ಮ ಕೆಂಪು ಹುಂಜ ಬಂದು ಅದನ್ನು ಕೊಕ್ಕಿನಲ್ಲಿ ಎತ್ತಿಕೊಂಡು ಬಾಗಿಲಾಚೆ ಓಡಿತು. ಆಗ ನಾನು ಕಿರುಚಿದೆ. ಬೆರಳು ಹೋಯಿತೆಂದಲ್ಲ, ಹುಂಜ ತಿಂದಿತಲ್ಲ ಎಂದು.

ಅಪ್ಪ ಬಂಡಿ ಹೂಡಿದ. ಕಂಪ್ಲಿಯ ಡಾಕ್ಟರ ಹತ್ತಿರ ಒಯ್ದು ಗಾಯ ಹೊಲಿಸಿಕೊಂಡು ಬರೋಣ ಎಂದು. ಗಂಗತ್ತಿ ಹೋಗಿ ಬಂಡಿಯ ಮುಂದೆ ನೆಲದ ಮೇಲೆ ಕೂತುಬಿಟ್ಟಳು.

"ಹೊಲಿದರ ಚೀಲ ಆಗತೈತಿ, ಬೆರಳ ಆಗಂಗಿಲ್ಲ. ಕೂಸನ್ನ ಇಲ್ಲಿ ಕೊಡು."

"ಅಕ್ಕ, ಕಡದಾಕೀನೂ ನೀನ, ಈಗ ಡಾಕ್ಟರೂ ನೀನ ಆಗ್ತೀಯೇನು? ಏಳು ಮ್ಯಾಲೆ."

ಅಪ್ಪ ಅಕ್ಕನಿಗೆ ಅಂಥ ಮಾತು ಆಡಿದ್ದು ಅದೊಂದೇ ಸಲ. ಆಡಿ ತಾನೇ ತಲೆ ತಗ್ಗಿಸಿದ. ಅತ್ತಿ ಏಳಲಿಲ್ಲ. ವೀಳ್ಯದೆಲೆಗೆ ಔಡಲೆಣ್ಣೆ ಸವರಿ, ಬೆರಳಿಗೆ ಸುತ್ತಿ, ಮೇಲೆ ಹಳೆಯ ಸೀರೆಯ ಅರಿವೆ ಕಟ್ಟಿದಳು. ಕಟ್ಟುವಾಗ ಅವಳ ಬಾಯಿಂದ ಬಂದದ್ದು ಬೈಗುಳವೇ.

"ಕಣ್ಣು ಮುಚ್ಚು. ಎಲಿ ಬದಲಿಸುವಾಗ ನೀ ನೋಡಬಾರದು. ನೋಡಿದರ ಬೆಳಿಯಂಗಿಲ್ಲ. ತಿಳೀತಿಲ್ಲೋ?"

ಅವತ್ತಿನಿಂದ ದಿನಾ ಬೆಳಿಗ್ಗೆ ಅತ್ತಿ ಎಲೆ ಬದಲಿಸುವುದು, ನಾನು ಕಣ್ಣು ಮುಚ್ಚಿ ಗೋಡೆಯ ಕಡೆ ಮುಖ ಮಾಡುವುದು. ಇತ್ತ ಅಪ್ಪನಿಗೆ ಬೇರೆಯೇ ಚಿಂತೆ ಹಿಡಿಯಿತು. ಅವ್ವನ ಅವ್ವ, ಸಾಯುವ ಮುಂಚೆ, ಕಾಲುವೆ ಕೆಳಗಿನ ಒಂದು ಎಕರೆ ಭತ್ತದ ಗದ್ದೆಯನ್ನು ನನ್ನ ಹೆಸರಿಗೆ ಬರೆದಿದ್ದಳು. ನಮ್ಮ ಓಣಿಯಲ್ಲಿ ಗಂಡಸರು ಹೆಂಗಸರು ಎಲ್ಲರೂ ಕಾಗದಕ್ಕೆ ಒತ್ತುವುದು ಎಡಗೈ ಹೆಬ್ಬೆಟ್ಟೇ. ನನ್ನದು ಹುಂಜದ ಹೊಟ್ಟೆಯಲ್ಲಿತ್ತು. ಅಪ್ಪ ಶಾನಭೋಗರ ಜಗಲಿಗೆ ಓಡಿದ. ನಾನೂ ಅವನ ಧೋತರ ಹಿಡಿದು ಹೋಗಿದ್ದೆ.

"ಅಲ್ರಿ ಶಾನಭೋಗ್ರ, ಕೂಸಿನ ಹೆಬ್ಬೆಟ್ಟು ಹೋತು. ದೊಡ್ಡಾಕಿ ಆದ ಮ್ಯಾಲೆ ಕಾಗದಕ್ಕ ಏನ್ ಒತ್ತಬೇಕ್ರಿ ಆಕಿ?"

ಶಾನಭೋಗರು ಎಲೆಯಡಿಕೆಯ ಬಾಯಿ ಮೇಲೆತ್ತಿ ಹೇಳಿದರು.

"ಒತ್ತಾಕ ಇಲ್ಲಂದ್ರ ಬರೀಬೇಕಪಾ. ಸಹಿ ಕಲಿಸು."

ಅಷ್ಟೇ. ಉಳಿದ ಒಂಬತ್ತು ಬೆರಳುಗಳು ಆ ಜಗಲಿಯಲ್ಲಿ ಯಾರಿಗೂ ಕಾಣಲಿಲ್ಲ. ಶಾನಭೋಗರು ತಮಾಷೆಗೆ ಅಂದರೋ ನಿಜಕ್ಕೇ ಅಂದರೋ ಇವತ್ತಿಗೂ ಗೊತ್ತಿಲ್ಲ. ಅಪ್ಪ ಮಾತ್ರ ಮನೆಗೆ ಬಂದು ಎತ್ತಿನ ಮೈ ತಿಕ್ಕುತ್ತಿದ್ದ ಗಂಗತ್ತಿಗೆ ತೀರ್ಪು ಹೇಳುವವನ ಹಾಗೆ ಹೇಳಿದ.

"ಬೆರಳು ಬರೋತನಕ ಕೂಸು ಸಾಲಿಗೆ ಹೋಗಲಿ. ಬೆರಳು ಬಂತಂದ್ರ ಬಿಡಸೋದು."

ನಮ್ಮ ಓಣಿಯಿಂದ ಅದುವರೆಗೆ ಒಂದು ಹೆಣ್ಣೂ ಸಾಲೆಗೆ ಹೋಗಿರಲಿಲ್ಲ. ಅತ್ತಿ ಒಂದು ಸಲ ಅಪ್ಪನನ್ನು ನೋಡಿದಳು, ಒಂದು ಸಲ ನನ್ನನ್ನು ನೋಡಿದಳು, ಮತ್ತೆ ಎತ್ತಿನ ಮೈ ತಿಕ್ಕತೊಡಗಿದಳು.

ಹನುಮಪ್ಪನ ಗುಡಿಯ ಪೌಳಿಯಲ್ಲಿ ಸಾಲೆ. ನಾನು ಎಡಗೈ ಹೆಬ್ಬೆಟ್ಟನ್ನು ಮೇಲಕ್ಕೆತ್ತಿಕೊಂಡೇ ಕೂಡುತ್ತಿದ್ದೆ. ಹುಡುಗರು ನನಗೆ ಎಲೆಬೆರಳಿ ಎಂದು ಹೆಸರಿಟ್ಟರು. ಇಟ್ಟುಕೊಳ್ಳಲಿ! ಪಾಟಿಯ ಮೇಲೆ ಮಾಸ್ತರರು ಬರೆದ ಅಕ್ಷರದ ಮೇಲೆ ಬಳಪ ಓಡಿಸಿ ತಿದ್ದುವುದಿತ್ತಲ್ಲ, ಅದರ ಸುಖ ನಾನು ಹೇಗೆ ಹೇಳಲಿ? ಒಂದನ್ನು ತಿದ್ದಿ ತಿದ್ದಿ ಆಮೇಲೆ ಪಕ್ಕದಲ್ಲಿ ಅದರಂಥದೇ ಇನ್ನೊಂದು ಬರೆಯಬೇಕು. ಮಾಸ್ತರರು ಬಂದು ನೋಡಬೇಕು. ಸೊಟ್ಟಗಿದ್ದರೆ ಅಳಿಸಿ ಮತ್ತೆ ಅದನ್ನೇ. ನೆಟ್ಟಗಿದ್ದರೆ ಮಾತ್ರ ಮುಂದಿನ ಅಕ್ಷರ. ಮೂರು ತಿಂಗಳಲ್ಲಿ ನನ್ನ ಹೆಸರು ಬಂತು. ಹೆಸರು ಬಂದದ್ದನ್ನು ನಾನು ಮನೆಯಲ್ಲಿ ಹೇಳಲಿಲ್ಲ, ಸಹಿ ಬಂತಲ್ಲ ಸಾಕು ಎಂದುಬಿಟ್ಟರೆ? ಆಮೇಲೆ ಒತ್ತಕ್ಷರ, ಮಗ್ಗಿ, ಬಸ್ಸಿನ ಹಣೆಯ ಮೇಲಿನ ಊರುಗಳು. ದಿನಾ ಬೆಳಿಗ್ಗೆ ಗೋಡೆಯ ಕಡೆ ತಿರುಗಿ, ಕಣ್ಣು ಬಿಗಿಯಾಗಿ ಮುಚ್ಚಿ, ಉಸಿರು ಹಿಡಿದು ಕೇಳುತ್ತಿದ್ದೆ.

"ಬಂತೇನತ್ತಿ?"

"ಇನ್ನಾ ಇಲ್ಲ."

ಆ ಮಾತು ಕೇಳಿದರೆ ನನಗೆ ಬೆಲ್ಲ ತಿಂದಂತಾಗುತ್ತಿತ್ತು. ದೇವರ ಮುಂದೆ ನಿಂತು, ತಾಯಿ ಹುಲಿಗೆಮ್ಮ, ನಿನ್ನ ಹೆಸರಿಟ್ಟುಕೊಂಡಿದ್ದೇನೆ, ನನ್ನ ಬೆರಳು ಬರದೇ ಇರಲಿ ಎಂದು ಬೇಡುತ್ತಿದ್ದೆ. ಅವ್ವ ಅದೇ ದೇವರಿಗೆ ಬೆರಳು ಬರಲಿ ಎಂದು ದೀಪ ಹಚ್ಚುತ್ತಿದ್ದಳು. ದೇವರು ಯಾರ ಮಾತು ಕೇಳಬೇಕು ಪಾಪ! ಒಂದೊಂದು ದಿನ ಅರಿವೆಯೊಳಗೆ ಏನೋ ತುರಿಸುತ್ತಿತ್ತು, ಏನೋ ತುಂಬಿಕೊಂಡಂತೆ ಅನ್ನಿಸುತ್ತಿತ್ತು.

"ಅತ್ತಿ, ಒಳಗ ತುರಸತೈತಿ. ಬೆರಳು ಬಂತೇನೋ ನೋಡತ್ತಿ."

"ಇಲ್ಲದ ಬೆರಳೂ ತುರಸತೈತಿ. ನನಗ ಇಲ್ಲದ ಗಂಡ ಕನಸಿನ್ಯಾಗ ಬಂದು ಬೈಯಂಗಿಲ್ಲೇನು? ಸುಮ್ಕಿರು."

ಒಂದು ಮಧ್ಯಾಹ್ನ ಅವ್ವ ಹೊಲದಲ್ಲಿದ್ದಳು. ಅತ್ತಿ ರೊಟ್ಟಿ ಬಡಿಯುತ್ತಿದ್ದವಳು ನನ್ನ ಕಡೆ ನೋಡದೆ ಕೇಳಿದಳು.

"ಅದರಾಗ ನನ್ನ ಹೆಸರು ಹೆಂಗಿರತೈತಿ?"

ನಾನು ಇದ್ದಿಲ ಚೂರು ತೆಗೆದು ಒಲೆಯ ಪಕ್ಕದ ನೆಲದ ಮೇಲೆ ಗಂಗವ್ವ ಎಂದು ಬರೆದೆ. ವತ್ತು ಕೊಡುವಾಗ ನಾಲಿಗೆ ಕಚ್ಚಿಕೊಂಡಿದ್ದೆ. ಅತ್ತಿ ತವೆಯ ಮೇಲೆ ರೊಟ್ಟಿ ಸೀಯುವವರೆಗೂ ನೋಡಿದಳು. ಮರುದಿನ ನೆಲ ಸಾರಿಸುವಾಗ ಆ ಜಾಗವನ್ನು ಬಿಟ್ಟು ಸುತ್ತಲೂ ಸಾರಿಸಿದಳು. ಅವ್ವ, ಅಲ್ಲೇನು ನಿಧಿ ಐತೇನ್ರಿ ಎಂದು ಹಂಗಿಸಿದರೂ ಅಷ್ಟು ಜಾಗ ಹಾಗೇ ಉಳಿಯಿತು.

ಮರುವರ್ಷದ ಕಾರಹುಣ್ಣಿಮೆ ಹತ್ತಿರ ಬಂತು. ಬಂಡ್ರಿಯಲ್ಲಿ ನಮ್ಮ ನೆಂಟರ ಹೆಣ್ಣುಮಗಳಿಗೆ ಹೆರಿಗೆ ಕಷ್ಟವಾಗಿದೆ, ಗಂಗವ್ವನ ಕೈ ಬೇಕು ಎಂದು ಬಂಡಿ ಕಳಿಸಿದರು. ಅತ್ತಿ ಹೋಗುವಾಗ ನನ್ನ ಬೆರಳಿಗೆ ಎಲೆಯ ಮೇಲೆ ಎಲೆ ಸುತ್ತಿ ಅರಿವೆ ಬಿಗಿದಳು. ನಾಲ್ಕು ದಿನ ಯಾರೂ ಬಿಚ್ಚಬಾರದು ಎಂದು ಅವ್ವನಿಗೆ ಮೂರು ಸಲ ಹೇಳಿದಳು. ಹಬ್ಬದ ದಿನ ಅವ್ವ ನನಗೆ ನೀರು ಹಾಕಲು ಕೂಡಿಸಿದಳು. ಹಬ್ಬದಾಗ ಈ ಹೊಲಸು ಅರಿವಿ ಯಾಕ ಎಂದು ಎಳೆದಳು. ನಾನು ಕಣ್ಣು ಮುಚ್ಚಿದೆ. ಅವ್ವ ಕಿರುಚಿದ್ದಕ್ಕೆ ಕಣ್ಣು ತಾನಾಗಿ ತೆರೆಯಿತು. ಹೆಬ್ಬೆಟ್ಟು ಅಲ್ಲಿತ್ತು! ನೆನೆದ ಅವಲಕ್ಕಿಯ ಹಾಗೆ ಬೆಳ್ಳಗೆ, ಸುಕ್ಕು ಸುಕ್ಕಾಗಿ, ಆದರೆ ಪೂರ್ತಿ ಇತ್ತು.

"ಬರ್ರಿ ಇಲ್ಲಿ! ಕೂಸಿನ ಬೆರಳು ಬಂದೈತಿ! ಉಗುರು ನೋಡ್ರಿ, ಕತ್ತರಿಸಿಟ್ಟಂಗ ಎಷ್ಟು ಚಂದ ಬಂದೈತಿ!"

ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಿದ್ದ ಅಪ್ಪ ಓಡಿ ಬಂದ. ನನ್ನ ಬೆರಳನ್ನು ಬೋಗುಣಿಯ ತಳದ ಮಸಿಗೆ ತಿಕ್ಕಿ, ಬಾಗಿಲ ಪಕ್ಕದ ಸುಣ್ಣದ ಗೋಡೆಗೆ ಒತ್ತಿದ. ಸುಳಿ ಸುಳಿ ಗೆರೆ, ಒಂದೂ ಕಡಿಮೆಯಿಲ್ಲದೆ ಮೂಡಿತು. ಓಣಿಯೆಲ್ಲ ಬಂದು ನೋಡಿತು. ಅಪ್ಪನ ಕಣ್ಣಲ್ಲಿ ನೀರು. ಹೋಳಿಗೆಯ ಮೇಲೆ ತುಪ್ಪ ಸುರಿದು ನನ್ನ ಬಾಯಿಗಿಡುತ್ತ ಹೇಳಿದ.

"ನಾಳಿಂದ ಸಾಲಿ ಸಾಕವ್ವ. ಇನ್ನ ಯಾಕ ಸಹಿ? ಒತ್ತಿದರ ಆತು."

ನಾನು ಹೋಳಿಗೆ ನುಂಗಲಾರದೆ ಅತ್ತೆ. ಖುಷಿಗೆ ಅಳುತ್ತಾಳೆ ಎಂದು ಎಲ್ಲರೂ ಇನ್ನಷ್ಟು ನಕ್ಕರು. ಎಂಥ ಸಂಕಟ ಅದು! ಮನೆ ತುಂಬ ಹಬ್ಬ, ನಾನೊಬ್ಬಳೇ ನನ್ನ ಬೆರಳನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಬೇಕೆಂದು ನೋಡುತ್ತಿದ್ದೆ. ಮರುದಿನ ಗಂಗತ್ತಿ ಬಂದಳು. ಗೋಡೆಯ ಮೇಲಿನ ಮಸಿಯ ಗುರುತು ನೋಡಿ ಬಾಗಿಲಲ್ಲೇ ನಿಂತಳು. ಆಮೇಲೆ ಅವ್ವನ ಮೇಲೆ ಹಾರಿಬಿದ್ದಳು.

"ನಾಕು ದಿನ ನಿನ್ನ ಕೈ ಸುಮ್ನಿರಲಿಲ್ಲೇನು? ನಾಕ ನಾಕು ದಿನ!"

ಅವ್ವ ನನ್ನ ಕಿವಿಯಲ್ಲಿ ಹೇಳಿದಳು, ನಾ ಬಿಚ್ಚಿದಾಗ ಬೆರಳು ಬಂತಂತ ಆಕಿಗೆ ಹೊಟ್ಟಿಕಿಚ್ಚು ಎಂದು. ನಾನು ನಂಬಿದೆ. ಬೆರಳು ಕಡಿದವಳೂ ಅವಳೇ, ಅದನ್ನು ಬೆಳೆಸಿ ನನ್ನ ಸಾಲೆ ಬಿಡಿಸಿದವಳೂ ಅವಳೇ ಎಂದು ಒಳಗೊಳಗೇ ಸಿಟ್ಟು ಇಟ್ಟುಕೊಂಡೆ. ಅವಳ ಜೊತೆ ಕಣಕಿ ಕಡಿಯಲು ಮತ್ತೆ ಕೂರಲಿಲ್ಲ. ಮದುವೆಯಾಗಿ ಹೊಸಪೇಟೆಗೆ ಬಂದೆ. ಸಂತೆಯ ಪೊಟ್ಟಣದ ಕಾಗದ, ಗಂಡನ ಕಾರ್ಖಾನೆಯ ನೋಟೀಸು, ಮಗನ ಪುಸ್ತಕ, ಸಿಕ್ಕಿದ್ದೆಲ್ಲ ಓದಿ ಆ ಒಂದು ವರ್ಷವನ್ನು ಆರದಂತೆ ನೋಡಿಕೊಂಡೆ. ಗಂಗತ್ತಿ ಸತ್ತಾಗ ಎಮ್ಮಿಗನೂರಿಗೆ ಹೋದೆ, ಎಲ್ಲರಂತೆ ಅತ್ತೆ, ಸಂಜೆಯ ಬಸ್ಸಿಗೆ ತಿರುಗಿ ಬಂದೆ. ಅಷ್ಟೇ.

ಈಗ ಹೊಸಪೇಟೆಯಲ್ಲಿ ಮಗನಿಗೆ ಸಂಡೂರು ರಸ್ತೆಯಲ್ಲಿ ಟೈರಿನ ಅಂಗಡಿ ಇದೆ. ಅದಿರಿನ ಲಾರಿಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತವೆ. ನಮ್ಮ ಮನೆಯ ಬಿಳಿ ಅರಿವೆ ಕೆಂಪು, ತುಳಸಿ ಕೆಂಪು, ಕಿಟಕಿಯ ಗಾಜು ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಕೆಂಪು. ಆ ಸದ್ದಿನಲ್ಲಿ ಓದಬೇಕಾದರೆ ಕಿರುಚಿಯೇ ಓದಬೇಕು. ಅಶ್ವಿನಿ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದಾಳೆ. ಅವಳು ಓದುವುದನ್ನು ನನಗೆ ತಿಳಿಯುವ ಹಾಗೆ ಹೇಳಿದರೆ ಅವಳಿಗೂ ನೆನಪಿರುತ್ತದಂತೆ. ಹೋದ ವಾರ ಒಂದು ದಿನ ಜೀವಕೋಶದ ಪಾಠ.

"ಅಜ್ಜಿ, ಒಂದು ಜೀವಕೋಶ ಒಡದು ಎರಡಾಗೋದು ಒಂದು ತಾಸಿನ ಕೆಲಸ. ಆದರ ಅದಕ್ಕ ತಯಾರಾಗಾಕ ಉಳದ ದಿನ ಪೂರ್ತಿ ಬೇಕು."

"ಏನು ತಯಾರಿ? ಮದುವಿಗೆ ಆದಂಗೇನು?"

"ಮೊದಲು ಉಂಡು ದಪ್ಪ ಆಗತೈತಿ. ಆಮ್ಯಾಲೆ ತನ್ನೊಳಗಿರೋ ಬರಹನ ಒಂದಕ್ಷರ ಬಿಡದಂಗ ಇನ್ನೊಂದು ನಕಲು ಮಾಡಿಕೊಳ್ಳತೈತಿ. ಎರಡಾದ ಮ್ಯಾಲೆ ಇಬ್ಬರಿಗೂ ಒಂದೊಂದು ಬೇಕಲ್ಲ? ನಕಲು ಮುಗದ ಮ್ಯಾಲೆ ತಪ್ಪೇನರ ಐತೇನಂತ ತಾನ ನೋಡತೈತಿ. ತಪ್ಪಿದ್ರ ತಿದ್ದೋತನಕ ಮುಂದ ಹೋಗಂಗಿಲ್ಲ. ಎಲ್ಲಾ ಸರಿ ಇದ್ರನ ಒಡಿಯೋದು."

"ಹೊರಗಿಂದ ನೋಡಿದ್ರ ಕಾಣತೈತೇನು ಇದೆಲ್ಲ?"

"ಇಲ್ಲಜ್ಜಿ. ಸುಮ್ನ ಕುಂತಂಗ ಇರತೈತಿ. ಮೊದಲಿನೋರು ಅದನ್ನ ವಿಶ್ರಾಂತಿ ಅಂತ ತಿಳಕೊಂಡಿದ್ರಂತ."

"ಎಲ್ಲಿರ್ತಾವ ಇವು?"

"ನಿನ್ನೊಳಗ! ಗಾಯ ಆತಂದ್ರ ಸುಮ್ನಿದ್ದವೂ ಎದ್ದು ತಯಾರಾಗತಾವ."

ಬೆಳ್ಳುಳ್ಳಿ ಕೈಯಿಂದ ಜಾರಿತು. ನನ್ನೊಳಗೆ! ನಾನು ಗುಡಿಯ ಪೌಳಿಯಲ್ಲಿ ಪಾಟಿಯ ಮೇಲೆ ಒಂದೊಂದೇ ಅಕ್ಷರ ತಿದ್ದುತ್ತಿದ್ದಾಗ, ಆ ಅರಿವೆಯೊಳಗೆ, ಆ ಎಲೆಯ ಕೆಳಗೆ, ಇನ್ನಾರೋ ಕೂತು ತಿದ್ದುತ್ತಿದ್ದರು. ಉಣ್ಣುತ್ತಿದ್ದರು, ಬರೆಯುತ್ತಿದ್ದರು, ಸೊಟ್ಟಗಿದ್ದರೆ ಅಳಿಸುತ್ತಿದ್ದರು. ನಮ್ಮ ಮಾಸ್ತರರಿಗಿಂತ ಕಟ್ಟುನಿಟ್ಟು! ನಾನು ಬರಬೇಡ ಬರಬೇಡ ಎಂದು ಬೇಡುತ್ತಿದ್ದೆ, ಅವರು ತಮ್ಮ ಪಾಡಿಗೆ ಗೆರೆಯ ಪಕ್ಕ ಗೆರೆ ಇಡುತ್ತಿದ್ದರು. ನಾನು ಅಶ್ವಿನಿಗೆ ಹುಂಜದಿಂದ ಹೋಳಿಗೆಯವರೆಗೆ ಎಲ್ಲ ಹೇಳಿದೆ. ಅವಳು ಮೊದಲು ಕೇಳಿದ್ದು ಇನ್ನೊಂಬತ್ತು ಬೆರಳು ಇದ್ದವಲ್ಲ ಅಜ್ಜಿ ಎಂದು. ಆಮೇಲೆ ನನ್ನ ಹೆಬ್ಬೆಟ್ಟು ಹಿಡಿದು, ಭೂತಗನ್ನಡಿ ತಂದು ನೋಡಿದಳು. ತುದಿಯ ಹತ್ತಿರ ಕೂದಲೆಳೆಯಂಥ ಒಂದು ಕಲೆ. ಅದನ್ನು ದಾಟಿ ಹಳೆಯ ಗೆರೆಗಳು ಹೊಸದರೊಳಕ್ಕೆ ಹರಿದಿದ್ದವು. ಕಾಲೇಜಿನಲ್ಲಿ ಮೇಡಮ್ಮರನ್ನು ಕೇಳಿಕೊಂಡು ಬರುತ್ತೇನೆ ಎಂದು ಹೋದಳು.

ಮರುದಿನ ಸಂಜೆ ಚಪ್ಪಲಿ ಬಿಡುವ ಮೊದಲೇ ಕೂಗಿದಳು.

"ಅಜ್ಜಿ, ಖರೇನ ಅಂತ! ಸಣ್ಣ ಹುಡುಗರಿಗೆ ಉಗುರಿನ ಬುಡ ಉಳದಿದ್ರ, ಹೊಲಿಯದಂಗ ಹಸಿಯಾಗಿ ಮುಚ್ಚಿಟ್ರ, ಒಮ್ಮೊಮ್ಮಿ ತುದಿ ತಿರುಗಿ ಬರತೈತಂತ. ಆದರ ಒಂದು ತಪ್ಪು ಹೇಳಿದಿ ನೀನು. ವರ್ಷ ಅಲ್ಲ. ಎರಡು ಮೂರು ತಿಂಗಳು, ಭಾಳ ಆತಂದ್ರ ನಾಕು."

"ವರ್ಷನ ಅವ್ವಿ. ಕಾರಹುಣ್ಣಿವಿಯಿಂದ ಕಾರಹುಣ್ಣಿವಿ. ಅವತ್ತ ಬಂತು, ನಾನ ಕಂಡೀನಿ. ಉಗುರು ಸೈತ ಕತ್ತರಿಸಿಟ್ಟಂಗ ಇತ್ತು."

ಅಶ್ವಿನಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಂದೆ ಕೂತಳು.

"ಅಜ್ಜಿ, ಉಗುರು ಕತ್ತರಿಸಿದಂಗ ಹುಟ್ಟಂಗಿಲ್ಲ. ಯಾರರ ಕತ್ತರಿಸಬೇಕು."

ಲಾರಿಗಳ ಸದ್ದು ನಿಂತಂತಾಯಿತು. ದಿನಾ ಬೆಳಿಗ್ಗೆ. ಗೋಡೆಯ ಕಡೆ ನನ್ನ ಮುಖ. ಬಿಗಿದು ಮುಚ್ಚಿದ ನನ್ನ ಕಣ್ಣು. ನನ್ನ ಬೆನ್ನ ಹಿಂದೆ ಅತ್ತಿ ಎಲೆ ಬಿಚ್ಚಿ, ಪೂರ್ತಿ ಬೆಳೆದ ಬೆರಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಉಗುರು ಉದ್ದವಾಗಿದ್ದರೆ ಸದ್ದಿಲ್ಲದೆ ತೆಗೆದು, ಮತ್ತೆ ಎಣ್ಣೆ ಸವರಿ, ಮತ್ತೆ ಎಲೆ ಸುತ್ತಿ, ಮತ್ತೆ ಹೇಳಿದಳು. ಇನ್ನಾ ಇಲ್ಲ. ಎಷ್ಟು ತಿಂಗಳು ಹೇಳಿದಳು! ಬರದಿದ್ದಾಗ ಹೇಳಿದ್ದು ಮೂರ್ನಾಲ್ಕು ತಿಂಗಳು, ಬಂದ ಮೇಲೆ ಹೇಳಿದ್ದು ಎಂಟೊಂಬತ್ತು ತಿಂಗಳು. ತನ್ನ ತಮ್ಮನ ಮುಂದೆ, ಅವ್ವನ ಮುಂದೆ, ಅವ್ವ ಹಚ್ಚಿದ ದೀಪದ ಮುಂದೆ. ನಾಲ್ಕು ದಿನ ಎಂದು ಅವಳು ಕೂಗಿದ್ದು ಹೊಟ್ಟೆಕಿಚ್ಚಿಗಲ್ಲ. ನನಗೆ ಇನ್ನೂ ಎಷ್ಟು ವರ್ಷ ಕೊಡಬೇಕೆಂದು ಲೆಕ್ಕ ಹಾಕಿದ್ದಳೋ ಏನೋ. ಅವಳು ಸತ್ತ ದಿನ ನಾನು ಸಂಜೆಯ ಬಸ್ಸಿಗೆ ಬಂದುಬಿಟ್ಟೆ.

ಅಳು ಬಂತು, ಅದರ ಬೆನ್ನಿಗೇ ತಡೆಯಲಾರದಷ್ಟು ಸಂತೋಷ ಬಂತು. ನನ್ನನ್ನು ಇಷ್ಟು ಪ್ರೀತಿಸಿದವರು ಒಬ್ಬರಿದ್ದರು, ಅದು ನನಗೆ ಈಗ, ನನ್ನ ಮೊಮ್ಮಗಳ ಬಾಯಿಂದ ಗೊತ್ತಾಯಿತು! ಎದ್ದು ಹೋಗಿ ಕಿಟಕಿಯ ಗಾಜಿನ ಕೆಂಪು ಧೂಳಿಗೆ ಎಡಗೈ ಹೆಬ್ಬೆಟ್ಟು ಒತ್ತಿದೆ. ಸುಳಿ ಸುಳಿ ಗೆರೆ ಮೂಡಿತು. ಪಕ್ಕದಲ್ಲಿ ಬಲಗೈ ಬೆರಳಿನಿಂದ ಗಂಗವ್ವ ಎಂದು ಬರೆದೆ. ವತ್ತು ಕೊಡುವಾಗ ನಾಲಿಗೆ ಕಚ್ಚಿಕೊಂಡೆ. ಸೊಸೆಗೆ, ಆ ಗಾಜೊಂದು ಒರೆಸಬೇಡವ್ವ ಎಂದಿದ್ದೇನೆ. ಅವಳು ಒರೆಸುವುದಿಲ್ಲ. ಲಾರಿಗಳು ಎಬ್ಬಿಸಿದ ಧೂಳು ಸಂಜೆಯ ಹೊತ್ತಿಗೆ ಹೆಸರನ್ನು ಮುಚ್ಚಿಹಾಕುತ್ತದೆ. ಬೆಳಿಗ್ಗೆ ಎದ್ದವಳೇ ನಾನು ಮತ್ತೆ ಬರೆಯುತ್ತೇನೆ.